ಹೆಮ್ಮರವನ್ನು ನೆಲಕ್ಕಿಳಿಸುವ ವಿದ್ಯೆ

ಮುಂಗಾರು ಹಿಡಿಯುವುದಕ್ಕೆ ಮುಂಚಿನ ಏಪ್ರಿಲ್, ಮೇ ತಿಂಗಳುಗಳಲ್ಲಿ ಬೆಂಗಳೂರಿನವರಿಗೆ ಒಂದು ದೃಶ್ಯ ಚಿರಪರಿಚಿತ. ಮಧ್ಯಾಹ್ನವೆಲ್ಲ ಕಾದ ಆಕಾಶ ಸಂಜೆಯ ವೇಳೆಗೆ ಕಪ್ಪಿಡುತ್ತದೆ. ಎಲ್ಲಿಂದಲೋ ನುಗ್ಗಿದ ಬಿರುಗಾಳಿ ಅರ್ಧ ಗಂಟೆ ಬೀದಿಬೀದಿಗಳಲ್ಲಿ ಆರ್ಭಟಿಸಿ ಹೋಗುತ್ತದೆ. ಮಳೆ ನಿಂತ ಮೇಲೆ ನೋಡಿದರೆ, ಬೆಳಗಿನವರೆಗೆ ನೆರಳು ಚೆಲ್ಲಿ ನಿಂತಿದ್ದ ಗುಲ್‌ಮೊಹರ್ ಮರ ರಸ್ತೆಗೆ ಅಡ್ಡಲಾಗಿ ಮಲಗಿದೆ. ಅದರ ಕೆಳಗೆ ಜಜ್ಜಿಹೋದ ಆಟೋರಿಕ್ಷಾ, ಬಾಗಿದ ವಿದ್ಯುತ್ ಕಂಬ; ಒಮ್ಮೊಮ್ಮೆ, ಮನೆಗೆ ಹೊರಟಿದ್ದ ಯಾರದೋ ಪ್ರಾಣ.

ಇಂಥ ಮರ ಮರುದಿನ ಪತ್ರಿಕೆಯಲ್ಲಿ ಸುದ್ದಿಯಾಗುತ್ತದೆ. ಆದರೆ ಬೀಳುವುದಕ್ಕೆ ಮೊದಲೇ ನಾಲ್ಕೈದು ಮಂದಿ ಬಂದು, ಹಗ್ಗ ಕಟ್ಟಿ, ತುದಿಯಿಂದ ತೊಡಗಿ ತುಂಡುತುಂಡಾಗಿ ಕೆಳಗಿಳಿಸಿದ ಮರ ಯಾವ ಪತ್ರಿಕೆಗೂ ಸುದ್ದಿಯಲ್ಲ. ಪಕ್ಕದ ಮನೆಯ ಹೆಂಚು ಒಡೆಯಲಿಲ್ಲ, ತಂತಿ ಹರಿಯಲಿಲ್ಲ, ಯಾರ ಮೈಮೇಲೂ ಗೀರು ಬೀಳಲಿಲ್ಲ ಎಂದ ಮೇಲೆ ಹೇಳುವುದಕ್ಕೇನಿದೆ? ಏನೂ ಆಗದಂತೆ ನೋಡಿಕೊಳ್ಳುವುದೇ ಆ ಕೆಲಸದ ಹೆಚ್ಚಳ. ಅದಕ್ಕಾಗಿಯೇ ಅದು ಕಣ್ಣಿಗೆ ಬೀಳುವುದಿಲ್ಲ.

ಪಶ್ಚಿಮ ದೇಶಗಳಲ್ಲಿ ಈ ವೃತ್ತಿಯವರಿಗೆ ಆರ್ಬರಿಸ್ಟ್ ಎಂಬ ಹೆಸರುಂಟು. ಲ್ಯಾಟಿನ್ ಭಾಷೆಯಲ್ಲಿ ಆರ್ಬರ್ ಎಂದರೆ ಮರ. ಬೀದಿಯ ಮರ, ಮನೆಯಂಗಳದ ಮರ, ಉದ್ಯಾನದ ಮರ ಇವುಗಳ ಆರೈಕೆಯಿಂದ ಹಿಡಿದು ಅಂತ್ಯಕಾಲದವರೆಗೆ ಹೊಣೆ ಹೊರುವವನು ಅವನು. ಅಮೆರಿಕದಲ್ಲಿ 1924ರಷ್ಟು ಹಿಂದೆಯೇ ನೆರಳಿನ ಮರಗಳ ಬಗೆಗೆ ಒಂದು ಸಮ್ಮೇಳನ ಕೂಡಿ, ಅದೇ ಮುಂದೆ ಈ ವೃತ್ತಿಯ ಅಂತರರಾಷ್ಟ್ರೀಯ ಸಂಘವಾಗಿ ಬೆಳೆಯಿತು. ನಮ್ಮಲ್ಲಿ ಈ ಕೆಲಸಕ್ಕೆ ಇನ್ನೂ ‘ಮರ ಕಡಿಯುವ ಕೂಲಿ’ ಎಂಬುದೇ ಹೆಸರು. ಹೆಸರು ಹಾಗಿರುವುದರಿಂದ ಮಜೂರಿಯೂ ಹಾಗೆ, ಮರ್ಯಾದೆಯೂ ಹಾಗೆ. ಕೊಡಲಿ ಬೀಸಲು ತೋಳಿನಲ್ಲಿ ಬಲವಿದ್ದರೆ ಸಾಕು, ಅದರಲ್ಲಿ ವಿದ್ಯೆಯೇನು ಬಂತು ಎಂದು ಕೇಳುವವರೇ ಹೆಚ್ಚು. ಆದರೆ ಈ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡಿದವರಿಗೆ ಬೇರೊಂದು ಮಾತು ಹೊಳೆಯದಿರದು. ಇದರಲ್ಲಿ ಕಡಿಯುವುದು ಸುಲಭ. ಎಲ್ಲಿ ಕಡಿಯಬಾರದು, ಎಷ್ಟನ್ನು ಕಡಿಯದೆ ಉಳಿಸಬೇಕು ಎಂದು ಅರಿಯುವುದೇ ಕಷ್ಟ.

ಮೊದಲ ಆಯುಧ ಕಣ್ಣು

ಬಲ್ಲವನು ಮರದ ಬಳಿಗೆ ಬಂದೊಡನೆ ಗರಗಸವನ್ನು ಕೈಗೆತ್ತಿಕೊಳ್ಳುವುದಿಲ್ಲ. ಮೊದಲು ಮರದ ಸುತ್ತ ಒಂದು ಪ್ರದಕ್ಷಿಣೆ ಬರುತ್ತಾನೆ. ಬುಡದಲ್ಲಿ ಅಣಬೆಗಳು ತಟ್ಟೆಗಳಂತೆ ಮೂಡಿವೆಯೇ? ಹಾಗಿದ್ದರೆ ಒಳಗೆ ಕೊಳೆತ ಆರಂಭವಾಗಿದೆ. ಒಂದು ಬದಿಯ ಮಣ್ಣು ಹೊಸದಾಗಿ ಉಬ್ಬಿ ಬಿರುಕು ಬಿಟ್ಟಿದೆಯೇ? ಹಾಗಿದ್ದರೆ ಬೇರು ಮೇಲೇಳುತ್ತಿದೆ. ಮರ ಇಂದೋ ನಾಳೆಯೋ ಎದುರು ಬದಿಗೆ ಉರುಳಬಹುದು. ಹತ್ತಾರು ವರ್ಷಗಳಿಂದ ಓರೆಯಾಗಿಯೇ ಬೆಳೆದ ಮರಕ್ಕೂ, ಹೋದ ವಾರ ಓರೆಯಾದ ಮರಕ್ಕೂ ಅಜಗಜಾಂತರ. ಮೊದಲನೆಯದು ತನ್ನ ಭಾರಕ್ಕೆ ತಕ್ಕಂತೆ ಬೇರನ್ನೂ ಕಾಂಡವನ್ನೂ ಬಲಪಡಿಸಿಕೊಂಡಿರುತ್ತದೆ; ಎರಡನೆಯದು ಬೀಳುವುದಕ್ಕೆ ತೊಡಗಿ ನಡುವೆ ತಡೆದು ನಿಂತಿರುತ್ತದೆ.

ಬಳಿಕ ಮರದ ಕೊಡತಿಯಿಂದ ಕಾಂಡವನ್ನು ಅಲ್ಲಲ್ಲಿ ಬಡಿದು ಕಿವಿಗೊಡುತ್ತಾನೆ. ಗಟ್ಟಿ ಮರದ ಸದ್ದು ಬೇರೆ, ಟೊಳ್ಳಿನ ಸದ್ದು ಬೇರೆ. ಹಲಸಿನ ಹಣ್ಣನ್ನು ಬೆರಳಿನಿಂದ ತಟ್ಟಿ ಹದ ತಿಳಿಯುವ ಮಲೆನಾಡಿನ ಗೃಹಿಣಿಗೆ ಈ ಪರೀಕ್ಷೆ ಹೊಸದಾಗಿ ತೋರದು.

ಟೊಳ್ಳು ಎಂದೊಡನೆ ಮರಕ್ಕೆ ಮರಣಶಾಸನ ಬರೆಯಬೇಕಾಗಿಲ್ಲ ಎಂಬುದು ಇಲ್ಲಿ ಗಮನಿಸತಕ್ಕ ಸಂಗತಿ. ಗಾಳಿ ಕಾಂಡವನ್ನು ಬಾಗಿಸಿದಾಗ ಅದರ ಹೊರಮೈಯೇ ಹೆಚ್ಚಿನ ಒತ್ತಡವನ್ನು ತಾಳುತ್ತದೆ. ನಟ್ಟನಡುವಿನ ತಿರುಳಿಗೆ ಅಲ್ಲಿ ಹೆಚ್ಚು ಕೆಲಸವಿಲ್ಲ. ಕಾಂಡದ ವ್ಯಾಸದಲ್ಲಿ ಅರ್ಧದಷ್ಟು ಅಗಲದ ಟೊಳ್ಳು ಸರಿಯಾಗಿ ಮಧ್ಯದಲ್ಲಿದ್ದರೆ, ಬಾಗುವಿಕೆಯನ್ನು ತಡೆಯುವ ಶಕ್ತಿಯಲ್ಲಿ ಗಣಿತದ ಪ್ರಕಾರ ಕಡಿಮೆಯಾಗುವುದು ಹದಿನಾರರಲ್ಲಿ ಒಂದು ಪಾಲು ಮಾತ್ರ. ಒಳಗೆ ಬರಿದಾದ ಬಿದಿರು ಬಿರುಗಾಳಿಯಲ್ಲಿ ಬಾಗಿ ಮತ್ತೆ ನೆಟ್ಟಗಾಗುವುದನ್ನು ಕಂಡವರು ಇದನ್ನು ನಂಬದಿರಲಾರರು. ಟೊಳ್ಳು ಒಂದೇ ಬದಿಗೆ ಸರಿದು ಹೊರಗೋಡೆ ತೆಳ್ಳಗಾಗಿದ್ದರೆ, ಅಥವಾ ಅದು ಬಾಯ್ತೆರೆದು ಬಿರುಕಾಗಿದ್ದರೆ ಆಗ ಅಪಾಯ.

ನಗರದ ಮರವನ್ನು ಕೆಡಹುವ ನಿಜವಾದ ವೈರಿ ಸಾಮಾನ್ಯವಾಗಿ ನೆಲದೊಳಗಿರುತ್ತದೆ. ಮರದ ಬೇರು ಪಾತಾಳದವರೆಗೆ ಇಳಿದಿರುತ್ತದೆಂಬುದು ಬಹುಜನರ ನಂಬಿಕೆ. ವಾಸ್ತವದಲ್ಲಿ ಬಹುಪಾಲು ಬೇರುಗಳು ಮೇಲಿನ ಒಂದು ಮೀಟರ್ ಮಣ್ಣಿನಲ್ಲಿಯೇ, ಕೊಂಬೆಗಳ ಹರವನ್ನೂ ಮೀರಿ ಸುತ್ತಲೂ ಹಬ್ಬಿರುತ್ತವೆ. ಚರಂಡಿಗೆಂದು ಒಮ್ಮೆ, ನೀರಿನ ಕೊಳವೆಗೆಂದು ಒಮ್ಮೆ, ತಂತಿ ಹೂಳಲೆಂದು ಮತ್ತೊಮ್ಮೆ ಅಗೆದಾಗ ಕತ್ತರಿಸಿಹೋಗುವುದು ಈ ಬೇರುಗಳೇ. ಉಳಿದುದರ ಮೇಲೆ ಬುಡದವರೆಗೂ ಕಾಂಕ್ರೀಟ್ ಸುರಿದರೆ ನೀರೂ ಗಾಳಿಯೂ ಇಳಿಯುವುದಿಲ್ಲ. ಮೇಲೆ ಮರ ಹಸುರಾಗಿಯೇ ಕಾಣುತ್ತದೆ. ಎರಡು ಮೂರು ವರ್ಷ ಕಳೆದ ಮೇಲೆ ಒಂದು ಸಂಜೆಯ ಗಾಳಿಗೆ ಅದು ಬುಡಸಹಿತ ಮಗುಚಿಕೊಂಡಾಗ ದೂರು ಹೊರುವುದು ಮರ, ಅಥವಾ ಮಳೆ.

ಬೀಳಲು ಜಾಗವಿದ್ದರೆ

ಮರವನ್ನು ತೆಗೆಯಲೇಬೇಕೆಂದು ನಿಶ್ಚಯವಾಯಿತೆನ್ನೋಣ. ಸುತ್ತ ಬಯಲಿದ್ದರೆ ಇಡಿಯ ಮರವನ್ನು ಒಮ್ಮೆಗೇ ಉರುಳಿಸಬಹುದು. ಎಷ್ಟು ಬಯಲು ಬೇಕು ಎಂದು ತಿಳಿಯಲು ಮರದ ಎತ್ತರ ತಿಳಿದಿರಬೇಕು. ಅದಕ್ಕೆ ಹಳಬರು ಕಂಡುಕೊಂಡ ಉಪಾಯ ಬಹಳ ಸರಳ. ಕಣ್ಣಿನಿಂದ ಚಾಚಿದ ಮುಷ್ಟಿಯವರೆಗೆ ಎಷ್ಟು ದೂರವೋ ಅಷ್ಟೇ ಉದ್ದದ ಕೋಲೊಂದು ಮುಷ್ಟಿಯ ಮೇಲೆ ನೆಟ್ಟಗೆ ನಿಲ್ಲುವಂತೆ ಹಿಡಿಯಬೇಕು. ಸಮತಟ್ಟಾದ ನೆಲದಲ್ಲಿ ಹಿಂದೆ ಹಿಂದೆ ಸರಿಯುತ್ತ, ಕೋಲಿನ ಬುಡಕ್ಕೆ ಮರದ ಬುಡವೂ ತುದಿಗೆ ಮರದ ತುದಿಯೂ ಸರಿಹೊಂದಿ ಕಾಣುವ ಕಡೆ ನಿಲ್ಲಬೇಕು. ಅಲ್ಲಿಂದ ಮರಕ್ಕೆ ಇರುವ ದೂರವೇ ಮರದ ಎತ್ತರ. ಶಾಲೆಯ ಹುಡುಗರೂ ಇದನ್ನು ಮಾಡಿ ನೋಡಬಹುದು. ಆ ಎತ್ತರದ ಎರಡರಷ್ಟು ದೂರದ ಒಳಗೆ, ಕೆಲಸದವರ ವಿನಾ ಯಾರೂ ಇರಕೂಡದೆಂಬುದು ವೃತ್ತಿಯ ನಿಯಮ.

ಈಗ ಕಡಿತದ ಕ್ರಮವನ್ನು ನೋಡೋಣ. ಮರ ಯಾವ ದಿಕ್ಕಿಗೆ ಬೀಳಬೇಕೋ ಆ ಬದಿಯಲ್ಲಿ ಕಲ್ಲಂಗಡಿಯ ಹೋಳು ತೆಗೆದಂತೆ ಮೊದಲು ಒಂದು ಕಚ್ಚು ತೆಗೆಯುತ್ತಾರೆ. ಅದರ ಆಳ ಕಾಂಡದ ವ್ಯಾಸದಲ್ಲಿ ನಾಲ್ಕನೆಯ ಒಂದರಿಂದ ಮೂರನೆಯ ಒಂದು ಪಾಲು. ಬಳಿಕ ಎದುರು ಬದಿಯಿಂದ, ಕಚ್ಚಿನ ಮೂಲೆಗಿಂತ ತುಸು ಮೇಲೆ, ಅಡ್ಡಲಾಗಿ ಕೊಯ್ಯುತ್ತ ಬರುತ್ತಾರೆ. ಆದರೆ ಆ ಕೊಯ್ತವನ್ನು ಕಚ್ಚಿನವರೆಗೆ ತಂದು ಮುಟ್ಟಿಸುವುದಿಲ್ಲ. ನಡುವೆ ಒಂದು ಪಟ್ಟಿಯಷ್ಟು ಮರವನ್ನು ಹಾಗೆಯೇ ಬಿಡುತ್ತಾರೆ. ಈ ಪಟ್ಟಿಯೇ ಕೀಲು.

80 ಸೆಂಟಿಮೀಟರ್ ವ್ಯಾಸದ ಕಾಂಡವಾದರೆ ಮುಂದಿನ ಕಚ್ಚು 20 ಸೆಂಟಿಮೀಟರ್, ಹಿಂದಿನ ಕೊಯ್ತ 52 ಸೆಂಟಿಮೀಟರ್, ಉಳಿಸುವ ಕೀಲು 8 ಸೆಂಟಿಮೀಟರ್. ಕಾಂಡದ ಹತ್ತರಲ್ಲೊಂದು ಪಾಲಿನ ಈ ಪಟ್ಟಿಯೇ ಟನ್ನುಗಟ್ಟಲೆ ತೂಕದ ಮರದ ಹಣೆಬರಹವನ್ನು ನಿರ್ಧರಿಸುತ್ತದೆ. ಹಿಂದಿನ ಕೊಯ್ತದಲ್ಲಿ ಬೆಣೆ ಬಡಿದಂತೆ ಮರ ಮುಂದಕ್ಕೆ ವಾಲುತ್ತದೆ. ಬಾಗಿಲು ತಿರುಗಣಿಯ ಮೇಲೆ ತಿರುಗುವಂತೆ ಕೀಲಿನ ಮೇಲೆ ತಿರುಗುತ್ತದೆ. ಕಚ್ಚಿನ ಬಾಯಿ ಮುಚ್ಚಿದಾಗ ಕೀಲು ಮುರಿಯುತ್ತದೆ. ಅಷ್ಟರಲ್ಲಿ ಮರ ತನಗೆ ಹೇಳಿದ ದಿಕ್ಕನ್ನು ಹಿಡಿದಾಗಿರುತ್ತದೆ. ಅವಸರದಿಂದ ಕೀಲನ್ನೂ ಕೊಯ್ದವನ ಮರಕ್ಕೆ ದಿಕ್ಕಿಲ್ಲ. ಅದು ಗಾಳಿ ತಳ್ಳಿದತ್ತ, ಭಾರ ಎಳೆದತ್ತ ತಿರುಗಿ ಬೀಳುತ್ತದೆ. ಕೊಯ್ದವನ ಮೇಲೆಯೇ ಬೀಳುವುದೂ ಉಂಟು.

ಇಪ್ಪತ್ತು ಮೀಟರ್ ಎತ್ತರದ ಮರ ಬುಡದಿಂದ ಉರುಳಿದಾಗ, ಗಾಳಿಯ ತಡೆಯನ್ನು ಬದಿಗಿಟ್ಟು ಲೆಕ್ಕ ಹಾಕಿದರೆ, ಅದರ ತುದಿ ಗಂಟೆಗೆ ಎಂಬತ್ತು ಕಿಲೋಮೀಟರಿಗೂ ಮಿಕ್ಕ ವೇಗದಲ್ಲಿ ನೆಲವನ್ನು ಅಪ್ಪಳಿಸುತ್ತದೆ. ಓಡಿ ಪಾರಾಗುತ್ತೇನೆ ಎನ್ನುವಂತಿಲ್ಲ. ಆದ್ದರಿಂದ ಮೊದಲ ಕಚ್ಚು ಹಾಕುವ ಮುನ್ನವೇ ಹಿಮ್ಮೆಟ್ಟುವ ಹಾದಿಯನ್ನು ಸವರಿಟ್ಟಿರಬೇಕು. ಆ ಹಾದಿ ಮರದ ನೇರ ಹಿಂದೆಯೂ ಇರಬಾರದು. ಬೀಳುವ ಮರದ ಬುಡ ಒಮ್ಮೊಮ್ಮೆ ಹಿಂದಕ್ಕೆ ಒದೆಯುತ್ತದೆ. ಹಿಂದಿನ ಎರಡು ಓರೆ ದಿಕ್ಕುಗಳೇ ಕ್ಷೇಮ.

ಎಲ್ಲಕ್ಕಿಂತ ಮೋಸದ್ದು ಬಲವಾಗಿ ಓರೆಯಾದ ಮರ. ಅದರ ನಾರುಗಳು ಬಿಗಿದ ಬಿಲ್ಲಿನ ಹೆದೆಯಂತೆ ಸೆಟೆದುಕೊಂಡಿರುತ್ತವೆ. ಹಿಂದಿನಿಂದ ಕೊಯ್ಯುತ್ತಿರುವಾಗಲೇ ಕಾಂಡ ಉದ್ದುದ್ದ ಸೀಳಿ, ಸೀಳಿದ ಭಾಗ ಆಳೆತ್ತರಕ್ಕೆ ಎಗರಿ ಹಿಂದಕ್ಕೆ ಬಡಿಯುತ್ತದೆ. ಮರದೊಳಗೆ ಅಡಗಿದ ಈ ಬಿಗುವಿನ ಪರಿಚಯ ನಮ್ಮ ಹಿಂದಿನವರಿಗೆ ಚೆನ್ನಾಗಿಯೇ ಇತ್ತು. ಅರ್ಧ ಸೀಳಿದ ದಿಮ್ಮಿಯ ಬೆಣೆಯನ್ನು ಕಿತ್ತು ಪ್ರಾಣ ಬಿಟ್ಟ ಪಂಚತಂತ್ರದ ಕೋತಿಯನ್ನು ಯಾರು ತಾನೆ ಮರೆತಾರು?

ಬೀಳಲು ಜಾಗವಿಲ್ಲದಾಗ

ಕಾಡಿನ ಕೆಲಸಕ್ಕೂ ನಗರದ ಕೆಲಸಕ್ಕೂ ಇರುವ ಭೇದ ಇಲ್ಲಿ ಸ್ಪಷ್ಟವಾಗುತ್ತದೆ. ನಗರದಲ್ಲಿ ಮರ ಬೀಳಲು ಎಡೆಯೆಲ್ಲಿ? ಒಂದು ಕಡೆ ಮನೆಯ ಮಾಡು, ಒಂದು ಕಡೆ ವಿದ್ಯುತ್ ತಂತಿ, ಇನ್ನೊಂದು ಕಡೆ ಹಗಲಿರುಳು ನಿಲ್ಲದ ರಸ್ತೆ. ಅಲ್ಲಿ ಮರವನ್ನು ಉರುಳಿಸುವುದಲ್ಲ, ಇಳಿಸಬೇಕು. ಮನೆ ಕಟ್ಟುವಾಗ ತಳದಿಂದ ಮೇಲಕ್ಕೆ ಹೋಗುವಂತೆ, ಮರವನ್ನು ಬಿಚ್ಚುವಾಗ ತುದಿಯಿಂದ ಕೆಳಕ್ಕೆ ಬರಬೇಕು.

ಕುಳಿತ ಕೊಂಬೆಯನ್ನೇ ಕಡಿದವನ ಕಥೆಯನ್ನು ಕಾಳಿದಾಸನ ಹೆಸರಿಗೆ ಅಂಟಿಸಿ ನಮ್ಮವರು ನಕ್ಕಿದ್ದಾರೆ. ಮರ ಇಳಿಸುವವನಾದರೋ ದಿನವೂ ತಾನು ಏರಿದ ಮರವನ್ನೇ ಕಡಿಯಬೇಕು. ಅದು ಅವನ ಅನ್ನ. ಸೊಂಟಕ್ಕೆ ಪಟ್ಟಿ ಬಿಗಿದು, ತನ್ನ ಹಗ್ಗವನ್ನು ಗಟ್ಟಿಯಾದ ಕವಲಿಗೆ ತೊಡಿಸಿ, ಮತ್ತೊಂದು ಗಿಡ್ಡ ಹಗ್ಗದಿಂದ ಕಾಂಡಕ್ಕೆ ತನ್ನನ್ನು ಬಂಧಿಸಿಕೊಂಡು ನಿಲ್ಲುತ್ತಾನೆ. ಒಂದು ಹಗ್ಗಕ್ಕೆ ಗರಗಸ ತಗುಲಿದರೂ ಇನ್ನೊಂದು ಕೈಬಿಡಬಾರದೆಂಬುದು ಇದರ ಉದ್ದೇಶ. ಪಾದರಕ್ಷೆಗೆ ಉಕ್ಕಿನ ಮುಳ್ಳು ಕಟ್ಟಿ ಏರುವ ಪದ್ಧತಿಯೂ ಉಂಟು. ಆದರೆ ಅದು ತೆಗೆದುಹಾಕುವ ಮರಕ್ಕೆ ಮಾತ್ರ. ಉಳಿಯಬೇಕಾದ ಮರವನ್ನು ಮುಳ್ಳು ಕಟ್ಟಿ ಏರಿದರೆ ಒಂದೊಂದು ಹೆಜ್ಜೆಯೂ ತೊಗಟೆಯಲ್ಲಿ ಒಂದು ಗಾಯ.

ಕೊಂಬೆಯನ್ನು ಕತ್ತರಿಸುವುದಕ್ಕೂ ಕ್ರಮವಿದೆ. ಅಡ್ಡಲಾಗಿ ಚಾಚಿದ ಕೊಂಬೆಯ ಮೇಲ್ಮೈ ಎಳೆತದಲ್ಲಿಯೂ ಕೆಳಮೈ ಒತ್ತಡದಲ್ಲಿಯೂ ಇರುತ್ತದೆ. ಮೇಲಿನಿಂದಲೇ ಕೊಯ್ದರೆ ಅರ್ಧಕ್ಕೆ ಬರುವಷ್ಟರಲ್ಲಿ ಕೊಂಬೆ ಮುರಿದು, ಕಾಂಡದ ತೊಗಟೆಯನ್ನು ಮಾರುದ್ದ ಸುಲಿದುಕೊಂಡು ಜೋತುಬೀಳುತ್ತದೆ. ಆದ್ದರಿಂದ ಕಾಂಡದಿಂದ ಸ್ವಲ್ಪ ದೂರದಲ್ಲಿ ಮೊದಲು ಕೆಳಗಿನಿಂದ ಒಂದು ಗಾಯ. ಅದಕ್ಕಿಂತ ತುಸು ಆಚೆಗೆ ಮೇಲಿನಿಂದ ಪೂರ್ತಿ ಕೊಯ್ತ. ಕೊನೆಗೆ ಉಳಿದ ಮೋಟನ್ನು ತೆಗೆಯುವ ಮೂರನೆಯ ಕೊಯ್ತ.

ಇನ್ನು ಭಾರದ ಮಾತು. ಹಸಿ ಮರದ ತೂಕವನ್ನು ಕಣ್ಣಳತೆಯಿಂದ ಹೇಳಹೊರಟವರು ಬಹುಶಃ ಎಲ್ಲರೂ ತಪ್ಪುತ್ತಾರೆ. ಘನ ಮೀಟರಿಗೆ ಸುಮಾರು 900 ಕಿಲೋ ಎಂದಿಟ್ಟುಕೊಂಡರೆ, ಒಂದಡಿ, ಎಂದರೆ 30 ಸೆಂಟಿಮೀಟರ್ ದಪ್ಪದ ಒಂದು ಮೀಟರ್ ತುಂಡು 65 ಕಿಲೋದ ಆಸುಪಾಸು ತೂಗುತ್ತದೆ. ದಪ್ಪ ಎರಡರಷ್ಟಾಗಿ 60 ಸೆಂಟಿಮೀಟರ್ ಆದರೆ ತೂಕ ಎರಡರಷ್ಟಲ್ಲ, ನಾಲ್ಕರಷ್ಟು: ಸುಮಾರು 250 ಕಿಲೋ. ಒಂದು ಮೀಟರ್ ದಪ್ಪದ ತುಂಡಾದರೆ 700 ಕಿಲೋ. ಮೇಲಿನ ಎಳೆಯ ಕೊಂಬೆಗಳನ್ನು ನಿರಾಯಾಸವಾಗಿ ಇಳಿಸುತ್ತ ಬಂದವನು ಕೆಳಗಿಳಿದಂತೆ ಅದೇ ಉದ್ದದ ತುಂಡುಗಳನ್ನೇ ಕೊಯ್ಯುತ್ತ ಹೋದರೆ, ತನಗೇ ತಿಳಿಯದಂತೆ ಹತ್ತು ಪಟ್ಟು ಭಾರವನ್ನು ಅದೇ ಹಗ್ಗಕ್ಕೆ ಹೊರಿಸಿರುತ್ತಾನೆ.

ಅದೂ ನಿಂತ ಭಾರವಲ್ಲ, ಬೀಳುವ ಭಾರ. ಕೊಯ್ದ ತುಂಡು ಹಗ್ಗ ಬಿಗಿಯಾಗುವ ಮುನ್ನ ಒಂದೆರಡು ಅಡಿ ಸ್ವತಂತ್ರವಾಗಿ ಬಿದ್ದರೂ, ಅದನ್ನು ತಟ್ಟನೆ ಹಿಡಿದು ನಿಲ್ಲಿಸುವ ಹಗ್ಗದ ಮೇಲೆ ಬೀಳುವ ಸೆಳೆತ ತುಂಡಿನ ತೂಕದ ಹಲವು ಪಟ್ಟಾಗುತ್ತದೆ. ಹಗ್ಗ ರಾಟೆಯ ಮೂಲಕ ಹಾದು ಕೆಳಗಿಳಿದಿದ್ದರೆ ರಾಟೆಯನ್ನು ಎರಡೂ ಕಡೆಯ ಎಳೆತ ಜಗ್ಗುವುದರಿಂದ ಆ ಜಾಗದಲ್ಲಿ ಭಾರ ಮತ್ತೆ ಹೆಚ್ಚುಕಡಿಮೆ ಇಮ್ಮಡಿ. ಆ ರಾಟೆಯನ್ನು ಕಟ್ಟಿರುವುದಾದರೂ ಎಲ್ಲಿಗೆ? ಏರಿದವನು ತಬ್ಬಿ ನಿಂತ ಅದೇ ಕಾಂಡಕ್ಕೆ. ಬುಡ ಕೊಳೆತ ಮರವನ್ನು ಏರುವ ಮುನ್ನ ಬಲ್ಲವನು ಹಿಂಜರಿಯುವುದು ಇದಕ್ಕಾಗಿ. ಅಂಥ ಕಡೆ ಮರವನ್ನು ಏರದೆ, ಕ್ರೇನಿನಿಂದಲೋ ಎತ್ತುವ ಬುಟ್ಟಿಯ ಲಾರಿಯಿಂದಲೋ ಕೆಲಸ ಸಾಗಿಸುವುದು ವಿವೇಕ.

ಕೆಳಗೆ ಹಗ್ಗ ಹಿಡಿದವನು

ಬೀದಿಯಲ್ಲಿ ನೆರೆದವರ ಕಣ್ಣೆಲ್ಲ ಮೇಲಿರುವವನ ಮೇಲೆ. ಆದರೆ ಅವನ ಪ್ರಾಣ ಇರುವುದು ಕೆಳಗೆ ಹಗ್ಗ ಹಿಡಿದವನ ಕೈಯಲ್ಲಿ. ಅವನು ಹಗ್ಗವನ್ನು ಬರಿಗೈಯಲ್ಲಿ ಹಿಡಿದು ಬಲಪರೀಕ್ಷೆಗೆ ನಿಲ್ಲುವುದಿಲ್ಲ. ಮರದ ಬುಡಕ್ಕೋ, ಬುಡಕ್ಕೆ ಕಟ್ಟಿದ ಉಕ್ಕಿನ ಗೂಟಕ್ಕೋ ಎರಡು ಮೂರು ಸುತ್ತು ಸುತ್ತಿ ಹಿಡಿಯುತ್ತಾನೆ. ಸುತ್ತು ಒಂದೊಂದು ಹೆಚ್ಚಿದಂತೆಯೂ ಕೈಯಿಂದ ತಡೆಯಬೇಕಾದ ಬಲ ಹಲವು ಪಟ್ಟು ಕಡಿಮೆಯಾಗುತ್ತದೆ. 18ನೆಯ ಶತಮಾನದಲ್ಲಿ ಮಹಾಗಣಿತಜ್ಞ ಆಯ್ಲರ್ ಇದಕ್ಕೆ ಸೂತ್ರವನ್ನೇ ಬರೆದಿಟ್ಟಿದ್ದಾನೆ. ಸೂತ್ರ ಓದದ ಹಡಗಿನ ಕೂಲಿಗಳು ಅದನ್ನು ಅಂಗೈಯಿಂದಲೇ ಅರಿತಿದ್ದರು.

ಮೇಲಿನವನು ಕೊಯ್ಯುವ ಮೊದಲು ಕೂಗುತ್ತಾನೆ: “ಹಗ್ಗ ಬಿಗಿ ಇದೆಯೇನೋ?” ಕೆಳಗಿನಿಂದ ಉತ್ತರ ಬರಬೇಕು: “ಬಿಗಿ ಇದೆ, ಅಣ್ಣಾ. ಕೆಳಗೆ ಯಾರೂ ಇಲ್ಲ.” ಈ ಮರುದನಿ ಕಿವಿಗೆ ಬೀಳದೆ ಗರಗಸ ಮರಕ್ಕೆ ತಗುಲಕೂಡದು. ಯಂತ್ರದ ಅಬ್ಬರದಲ್ಲಿ ಮಾತು ಕೇಳದ ಕಡೆ ಕೈಸನ್ನೆ ಗೊತ್ತುಮಾಡಿಕೊಳ್ಳುತ್ತಾರೆ. ತುಂಡು ಕಳಚಿದೊಡನೆ ಕೆಳಗಿನವನು ಹಗ್ಗವನ್ನು ತಟ್ಟನೆ ಹಿಡಿಯದೆ ತುಸು ಹರಿಯಗೊಟ್ಟು, ಮೆಲ್ಲಮೆಲ್ಲನೆ ತಡೆಯುತ್ತಾನೆ. ಆಗ ಮೇಲೆ ಕಾಂಡ ನಡುಗುವುದಿಲ್ಲ.

ಕನ್ನಡಿಗರಿಗೆ ಈ ಜೋಡಿ ಅಪರಿಚಿತವೇನಲ್ಲ. ಉತ್ತರ ಕನ್ನಡದ, ಸಾಗರದ ಕಡೆಯ ಅಡಿಕೆ ತೋಟಗಳಲ್ಲಿ ಕೊನೆಕೊಯ್ಲಿನ ದಿನ ಕೊನೆಗೌಡ ಮರದ ತುದಿಯಲ್ಲಿದ್ದರೆ, ನೆಲದ ಮೇಲೆ ಇನ್ನೊಬ್ಬ ಹಗ್ಗ ಹಿಡಿದು ನಿಂತಿರುತ್ತಾನೆ. ಕೊಯ್ದ ಕೊನೆ ಆ ಹಗ್ಗದ ಮೇಲೆ ಜಾರಿ, ಒಂದು ಅಡಿಕೆಯೂ ಚೆದುರದಂತೆ ಅವನ ಕೈಸೇರುತ್ತದೆ. ಮೇಲಿನವನ ಚುರುಕು, ಕೆಳಗಿನವನ ಎಚ್ಚರ ಎರಡೂ ಹೊಂದಿದಾಗಲೇ ಕೊಯ್ಲು ಸುಗಮ. ಅಲ್ಲಿ ಇಳಿಯುವುದು ಅಡಿಕೆಯ ಕೊನೆ, ಇಲ್ಲಿ ಇಳಿಯುವುದು ಕ್ವಿಂಟಲು ತೂಕದ ದಿಮ್ಮಿ. ವಿದ್ಯೆಯ ಬೇರು ಒಂದೇ.

ವಿದ್ಯುತ್ ತಂತಿಯ ಬಳಿಯಂತೂ ಚಾತುರ್ಯಕ್ಕೆ ಎಡೆಯೇ ಇಲ್ಲ. ಹಸಿ ಕೊಂಬೆಯಲ್ಲಿ ನೀರಿದೆ, ನೀರಿನ ಮೂಲಕ ವಿದ್ಯುತ್ತು ಹರಿಯುತ್ತದೆ. ತಂತಿಯಲ್ಲಿ ಪ್ರವಾಹ ನಿಲ್ಲಿಸಿದ ಖಾತರಿಯಾಗುವವರೆಗೆ ಕೈಕಟ್ಟಿ ಕುಳಿತಿರುವುದೊಂದೇ ದಾರಿ. ಇಷ್ಟಾದರೂ ನಮ್ಮ ಊರುಗಳಲ್ಲಿ ಕಾಣುವುದೇನು? ತಲೆಗೆ ಶಿರಸ್ತ್ರಾಣವಿಲ್ಲ, ಸೊಂಟಕ್ಕೆ ಪಟ್ಟಿಯಿಲ್ಲ. ಲುಂಗಿಯನ್ನು ಎತ್ತಿ ಕಟ್ಟಿ, ಹವಾಯಿ ಚಪ್ಪಲಿಯನ್ನು ಬುಡದಲ್ಲಿ ಬಿಟ್ಟು, ಹೆಗಲಿಗೆ ಮಚ್ಚು ಸಿಕ್ಕಿಸಿ ಏರುವ ಬಡವ. ಅವನ ಧೈರ್ಯವನ್ನು ಮೆಚ್ಚುವವರು ಅನೇಕರು. ಅವನಿಗೊಂದು ಹಗ್ಗ ಕೊಡಿಸುವವರು ವಿರಳ. ಮರ ಕಡಿಯುವ ಕೆಲಸ ಜಗತ್ತಿನ ಅತ್ಯಂತ ಅಪಾಯದ ವೃತ್ತಿಗಳಲ್ಲೊಂದು. ಯಂತ್ರಗಳೂ ತರಬೇತಿಯೂ ಹೇರಳವಾಗಿರುವ ಅಮೆರಿಕದಲ್ಲಿಯೇ, ಕೆಲಸದಲ್ಲಿ ಸಾವಿಗೀಡಾಗುವವರ ಪ್ರಮಾಣವನ್ನು ವೃತ್ತಿವಾರು ಲೆಕ್ಕ ಹಾಕಿದಾಗ ಕಾಡಿನಲ್ಲಿ ಮರ ಕಡಿಯುವವರು ಮೊದಲ ಸಾಲಿನಲ್ಲಿಯೇ ಕಾಣಿಸಿಕೊಳ್ಳುತ್ತ ಬಂದಿದ್ದಾರೆ.

ಕೊಡಲಿಯಿಂದ ಯಂತ್ರದವರೆಗೆ

ಹಿಂದಿನ ಕಾಲದಲ್ಲಿ ಈ ಕೆಲಸಕ್ಕೆ ಅವಸರವಿರಲಿಲ್ಲ. ಹಸಿ ತೇಗ ನೀರಿನಲ್ಲಿ ಮುಳುಗುತ್ತದೆ. ಹೊಳೆಯಲ್ಲಿ ತೇಲಿಬಿಡಬೇಕಾದರೆ ಅದು ಒಣಗಿರಬೇಕು. ಅದಕ್ಕಾಗಿ ಬರ್ಮಾದ ಕಾಡುಗಳಲ್ಲಿ ನಿಂತ ತೇಗದ ಬುಡದ ಸುತ್ತ ತೊಗಟೆಯನ್ನೂ ಎಳೆಮರವನ್ನೂ ಉಂಗುರದಂತೆ ಕೆತ್ತಿ, ಎರಡು ಮೂರು ವರ್ಷ ನಿಂತಲ್ಲಿಯೇ ಒಣಗಲು ಬಿಟ್ಟು ಬಳಿಕ ಕಡಿಯುತ್ತಿದ್ದರು. ನಮ್ಮ ಕಾಡುಗಳಲ್ಲಿ ದಿಮ್ಮಿ ಎಳೆಯುವುದು ಆನೆಯ ಕೆಲಸವಾಗಿತ್ತು. ಕೊಡಗಿನ ದುಬಾರೆಯ ಶಿಬಿರದ ಆನೆಗಳನ್ನು ಇಂದು ಪ್ರವಾಸಿಗರು ನೋಡಿ ಬರುತ್ತಾರೆ. ಅಲ್ಲಿನ ಹಿಂದಿನ ತಲೆಮಾರಿನ ಆನೆಗಳು ದಿಮ್ಮಿ ಎಳೆದು ದುಡಿದವು.

1926ರಲ್ಲಿ ಜರ್ಮನಿಯ ಆಂದ್ರೆಯಾಸ್ ಶ್ಟೀಲ್ ವಿದ್ಯುತ್ತಿನಿಂದ ನಡೆಯುವ ಸರಪಳಿ ಗರಗಸವನ್ನು ನಿರ್ಮಿಸಿದ. 1929ರಲ್ಲಿ ಪೆಟ್ರೋಲಿನದು ಬಂತು. ಆ ಕಾಲದ ಯಂತ್ರವನ್ನು ಹೊರಲು ಇಬ್ಬರು ಬೇಕಾಗಿತ್ತು. ಒಬ್ಬನೇ ಹಿಡಿಯಬಲ್ಲ ಗರಗಸಗಳು 1950ರ ಸುಮಾರಿಗೆ ಬಳಕೆಗೆ ಬಂದು ಕೆಲಸದ ಸ್ವರೂಪವನ್ನೇ ಬದಲಿಸಿದವು. ಇಬ್ಬರು ದಿನವೆಲ್ಲ ಬೆವರಿಳಿಸಿ ಕೊಯ್ಯುತ್ತಿದ್ದ ಬೊಡ್ಡೆಯನ್ನು ಈಗ ಒಬ್ಬನು ಕೆಲವೇ ನಿಮಿಷಗಳಲ್ಲಿ ಕೊಯ್ಯುತ್ತಾನೆ. ಆದರೆ ಈ ಯಂತ್ರಕ್ಕೂ ಒಂದು ಕೆಟ್ಟ ಚಾಳಿಯುಂಟು. ಓಡುತ್ತಿರುವ ಸರಪಳಿಯ ಮೂತಿಯ ಮೇಲ್ಭಾಗ ಎಲ್ಲಿಯಾದರೂ ತಗುಲಿದರೆ ಇಡೀ ಅಲಗು ಕಣ್ಣು ಮಿಟುಕಿಸುವುದರೊಳಗೆ ಹಿಡಿದವನ ಮುಖದತ್ತ ಚಿಮ್ಮುತ್ತದೆ. ಹಾಗಾದಾಗ ಸರಪಳಿಯನ್ನು ತತ್‌ಕ್ಷಣ ನಿಲ್ಲಿಸುವ ತಡೆಯನ್ನು ಈಚಿನ ಗರಗಸಗಳಲ್ಲಿ ಅಳವಡಿಸಿದ್ದಾರೆ.

ಯಂತ್ರ ಕೊಟ್ಟ ವೇಗ ಇನ್ನೊಂದು ಅಪಾಯವನ್ನೂ ತಂದಿತು. ಕೊಡಲಿಯ ಕಾಲದಲ್ಲಿ ಒಂದು ಹೆಮ್ಮರವನ್ನು ಕಡಿಯಲು ಹಿಡಿಯುತ್ತಿದ್ದ ಹೊತ್ತು, ಕಡಿಯಬೇಕೇ ಎಂದು ಯೋಚಿಸುವುದಕ್ಕೂ ಒದಗುತ್ತಿತ್ತು. ಈಗ ಯೋಚನೆಗಿಂತ ಗರಗಸವೇ ಮುಂದೆ. 1983ರ ಸೆಪ್ಟೆಂಬರಿನಲ್ಲಿ ಶಿರಸಿ ಸೀಮೆಯ ಸಾಲ್ಕಣಿಯ ಜನ ಕಾಡಿಗೆ ನಡೆದು, ಕಡಿಯಲು ಗುರುತು ಹಾಕಿದ್ದ ಮರಗಳನ್ನು ಅಪ್ಪಿ ನಿಂತರು. ಆ ‘ಅಪ್ಪಿಕೋ’ ಚಳುವಳಿ ಕೇಳಿದುದೂ ಈ ಪ್ರಶ್ನೆಯನ್ನೇ.

ಕಡಿಯಬೇಕೇ?

ಆರನೆಯ ಶತಮಾನದ ವರಾಹಮಿಹಿರ ತನ್ನ ಬೃಹತ್ಸಂಹಿತೆಯಲ್ಲಿ, ವಿಗ್ರಹಕ್ಕಾಗಿ ಮರ ತರಲು ಕಾಡನ್ನು ಹೊಗುವ ವಿಧಿಗೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟಿದ್ದಾನೆ. ಕಡಿಯುವ ಮೊದಲು ಮರವನ್ನು ಪೂಜಿಸಿ, ಅದರಲ್ಲಿ ವಾಸವಾಗಿರುವ ಭೂತಗಳು ಬೇರೆಡೆ ನೆಲೆ ಹುಡುಕಿಕೊಳ್ಳಲೆಂದು ಪ್ರಾರ್ಥಿಸಬೇಕು. ಮರ ಬೀಳುವ ದಿಕ್ಕನ್ನು ಗಮನಿಸಬೇಕು ಎನ್ನುತ್ತಾನೆ. ನಂಬಿಕೆಯ ಮಾತು ಹಾಗಿರಲಿ. ಕೊಡಲಿ ಎತ್ತುವವನನ್ನು ಒಂದು ಗಳಿಗೆ ತಡೆದು ನಿಲ್ಲಿಸುವ ಶಕ್ತಿ ಆ ವಿಧಿಗಿತ್ತು. ಇಂದಿನ ವೃತ್ತಿನಿಪುಣನೂ ಕೊಂಬೆಗಳ ನಡುವೆ ಹಕ್ಕಿಯ ಗೂಡು, ಪೊಟರೆಯಲ್ಲಿ ಜೇನು, ಅಳಿಲು ಇವೆಯೇ ಎಂದು ನೋಡದೆ ಕೆಲಸ ತೊಡಗುವುದಿಲ್ಲ.

ಆ ತಡೆಯ ಸ್ಥಾನದಲ್ಲಿ ಇಂದು ಕಾನೂನಿದೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದಂತೆ, ಸ್ವಂತ ಅಂಗಳದ ಮರವನ್ನಾದರೂ ಸರಿ, ವಿನಾಯಿತಿ ಪಡೆದ ಕೆಲವು ಜಾತಿಗಳನ್ನುಳಿದು, ವೃಕ್ಷಾಧಿಕಾರಿಯ ಅನುಮತಿಯಿಲ್ಲದೆ ಕಡಿಯುವಂತಿಲ್ಲ. ಆದರೆ ಕಾನೂನು ಉತ್ತರಿಸುವುದು ಅನುಮತಿಯ ಪ್ರಶ್ನೆಗೆ. ಮರದ ಸ್ಥಿತಿಯನ್ನು ಓದಿ, ಇದನ್ನು ತೆಗೆಯಬೇಕು, ಇದನ್ನು ಉಳಿಸಬಹುದು ಎಂದು ಹೇಳುವ ಕಣ್ಣು ಬೇರೆಯೇ ಬೇಕು.

ಎಷ್ಟೋ ಮರಗಳಿಗೆ ಬೇಕಾದುದು ಸಾವಲ್ಲ, ಸರಿಯಾದ ಸವರಿಕೆ. ಇಲ್ಲಿಯೂ ತಿಳಿಯದೆ ಮಾಡಿದ ಕೆಲಸವೇ ಮುಂದಿನ ಅನಾಹುತಕ್ಕೆ ಬೀಜ. ತಂತಿಗೆ ತಗುಲುತ್ತದೆಂದು ಒಂದೇ ಬದಿಯ ಕೊಂಬೆಗಳನ್ನೆಲ್ಲ ಬೋಳಿಸಿದ ಮರ, ತಕ್ಕಡಿಯ ಒಂದೇ ತಟ್ಟೆಗೆ ತೂಕ ಹೇರಿದಂತೆ ಇನ್ನೊಂದು ಬದಿಗೆ ವಾಲುತ್ತದೆ. ತಲೆಯನ್ನೇ ಕತ್ತರಿಸಿದ ಮರ ವರ್ಷದೊಳಗೆ ಹೊಸ ಚಿಗುರುಗಳನ್ನು ಕಂತೆಕಂತೆಯಾಗಿ ಹೊರಡಿಸುತ್ತದೆ. ನೋಡಿದವರಿಗೆ ಮರ ಚೇತರಿಸಿಕೊಂಡಿತೆಂದು ಹಿಗ್ಗು. ಆದರೆ ಆ ಚಿಗುರು ಹಳೆಯ ಕೊಂಬೆಯಂತೆ ಕಾಂಡದೊಳಗಿನಿಂದ ಹೆಣೆದು ಬಂದುದಲ್ಲ, ಮೇಲ್ಮೈಗೆ ಅಂಟಿಕೊಂಡುದು. ದಪ್ಪವಾಗಿ ಭಾರವಾದ ದಿನ ಅದು ಕಿತ್ತು ಬೀಳುತ್ತದೆ.

ಅಮೆರಿಕದ ಅರಣ್ಯ ಇಲಾಖೆಯ ವಿಜ್ಞಾನಿ ಅಲೆಕ್ಸ್ ಶಿಗೊ ಗರಗಸ ಹಿಡಿದು ಸಾವಿರಾರು ಮರಗಳ ಒಡಲನ್ನು ಉದ್ದುದ್ದ ಸೀಳಿ ನೋಡಿದವನು. 1970ರ ದಶಕದಲ್ಲಿ ಅವನು ಮುಂದಿಟ್ಟ ವಿಚಾರ ಈ ವೃತ್ತಿಯ ದೃಷ್ಟಿಯನ್ನೇ ಬದಲಿಸಿತು. ಮನುಷ್ಯನ ಗಾಯದಂತೆ ಮರದ ಗಾಯ ಮಾಯುವುದಿಲ್ಲ. ಕೆಟ್ಟ ಭಾಗದ ಸುತ್ತ ಮರ ಗೋಡೆ ಕಟ್ಟಿ ಅದನ್ನು ಒಳಗೇ ಬಂಧಿಸಿ, ಹೊರಗೆ ಹೊಸ ಮರವನ್ನು ಬೆಳೆಸಿಕೊಳ್ಳುತ್ತದೆ. ಹಾಗೆ ಗೋಡೆ ಕಟ್ಟುವ ಶಕ್ತಿ ಕೊಂಬೆಯ ಬುಡದ ಉಬ್ಬಿದ ಕೊರಳಿನಲ್ಲಿ ಅಡಗಿದೆ. ಕೊಂಬೆಯನ್ನು ಕಾಂಡಕ್ಕೆ ಸಮವಾಗಿ ನುಣ್ಣಗೆ ಕೊಯ್ದರೆ ಆ ಕೊರಳೇ ಹೋಗುತ್ತದೆ. ಉದ್ದ ಮೋಟು ಬಿಟ್ಟರೆ ಅದು ಕೊಳೆಯುತ್ತದೆ. ಕೊರಳಿನ ಹೊರಅಂಚಿನಲ್ಲಿ, ಕೊರಳನ್ನು ಮುಟ್ಟದೆ ಕೊಯ್ಯಬೇಕು. ಗಾಯಕ್ಕೆ ಟಾರು, ಬಣ್ಣ ಬಳಿಯುವುದರಿಂದ ಕೊಳೆತ ನಿಲ್ಲುವುದಿಲ್ಲವೆಂಬುದೂ ಅವನ ಶೋಧನೆಯಿಂದ ತಿಳಿದುಬಂತು.

ಇಡಿಯ ಮರವನ್ನು ಉರುಳಿಸುವಾಗ ಮುಟ್ಟದೆ ಉಳಿಸಿದ ಕೀಲು. ಒಂದು ಕೊಂಬೆಯನ್ನು ತೆಗೆಯುವಾಗ ಮುಟ್ಟದೆ ಉಳಿಸಿದ ಕೊರಳು. ಎರಡೂ ಕಡೆ ವಿದ್ಯೆ ಇರುವುದು ಅಲಗು ನಿಂತ ಜಾಗದಲ್ಲಿ.

ಬೆಂಗಳೂರಿನ ನೆರಳು ತಾನಾಗಿ ಬಂದುದಲ್ಲ. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಜರ್ಮನ್ ಸಸ್ಯತಜ್ಞ ಕ್ರುಂಬಿಗಲ್, ಒಂದು ಮರದ ಹೂ ಮುಗಿಯುವಷ್ಟರಲ್ಲಿ ಇನ್ನೊಂದು ಅರಳುವಂತೆ ಬೀದಿಯ ಮರಗಳನ್ನು ಆರಿಸಿದ. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರು ಹೊಸ ಬಡಾವಣೆಗಳಿಗೆ ಲಕ್ಷಗಟ್ಟಲೆ ಸಸಿಗಳನ್ನು ನೆಡಿಸಿದರು. ಅಂದು ನೆಟ್ಟವು ಇಂದು ಹೆಮ್ಮರಗಳ ವಯಸ್ಸಿಗೆ ಬಂದಿವೆ. ಅವುಗಳಲ್ಲಿ ಹಲವು ಮುಪ್ಪಿಗೆ ಸಂದು, ಒಂದಲ್ಲ ಒಂದು ದಿನ ಇಳಿಯಲೇಬೇಕು. ನೆಡುವವರಿಗೆ ನಾವು ಹಾರ ಹಾಕುತ್ತೇವೆ, ಅದು ಯೋಗ್ಯವೇ. ಇಳಿಸುವವರಿಗೆ ಹಾರ ಬೇಡ. ಒಂದು ಶಿರಸ್ತ್ರಾಣ, ಎರಡು ಒಳ್ಳೆಯ ಹಗ್ಗ, ಆರು ತಿಂಗಳ ಶಿಕ್ಷಣ, ಜೀವಕ್ಕೆ ವಿಮೆ ಇಷ್ಟನ್ನು ಕೊಟ್ಟರೂ ಸಾಕು. ಕಲಿತ ಕೈ ತೆಗೆಯಬೇಕಾದ ಮರವನ್ನು ಯಾರಿಗೂ ನೋವಾಗದಂತೆ ತೆಗೆದೀತು. ಅದಕ್ಕಿಂತ ಹೆಚ್ಚಾಗಿ, ತೆಗೆಯಬೇಕಾಗಿಲ್ಲದ ಮರದ ಮುಂದೆ ನಿಂತು ಬೇಡವೆಂದು ಹೇಳೀತು.

ಕೊಡಲಿಯ ಕಾವು ಕುಲಕ್ಕೆ ಮೃತ್ಯು ಎಂಬ ಗಾದೆ ಮರಗಳ ಪರವಾಗಿ ಹುಟ್ಟಿದ್ದು. ಕಾವಿನದೇನು ತಪ್ಪು? ಅದನ್ನು ಹಿಡಿದವನಿಗೆ ಮರದ ಮರ್ಮ ತಿಳಿದಿದ್ದರೆ ಅದೇ ಕೊಡಲಿ ಕುಲವನ್ನು ಕಾಯುವುದೂ ಉಂಟು.